ಬಿಸಿಲುನಾಡಿನಲ್ಲಿ ಹ್ಯಾಂಡ್‌ಹೆಲ್ಡ್ ಪಿಸಿ: ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳನ್ನು ಆಡಿಸುವ ಕ್ರಮ

ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿಯಲ್ಲಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರಿನಲ್ಲಿ, ದೊಡ್ಡ ಓಪನ್ ವರ್ಲ್ಡ್ ಗೇಮ್ (ವಿಶಾಲ ಲೋಕದಲ್ಲಿ ಮನಬಂದಂತೆ ತಿರುಗಾಡುವ ಆಟ) ಆಡಿಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಗ್ರಾಫಿಕ್ಸ್ ಮೆನುವಿನಿಂದಲೇ ಶುರುವಾಗುತ್ತವೆ: ನೆರಳು ಇಷ್ಟಿಡಿ, ಹುಲ್ಲು ಅಷ್ಟಿಡಿ ಎಂಬ ಪಟ್ಟಿಗಳು. ಅವು ತಂಪು ಕೋಣೆಯಲ್ಲಿ ತಯಾರಾದ ಪಟ್ಟಿಗಳು. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆ ಹಗಲಿಡೀ ಕಾದು, ಊಟದ ಹೊತ್ತು ಕಳೆದ ಮೇಲೂ ಬಿಸಿಯನ್ನು ಬಿಡುತ್ತಲೇ ಇರುತ್ತದೆ. ಸ್ಟೀಮ್ ಡೆಕ್ ಎಂಬ ಹ್ಯಾಂಡ್‌ಹೆಲ್ಡ್ ತಯಾರಿಸುವ ವಾಲ್ವ್ ಕಂಪನಿ 2022ರಲ್ಲೇ ಹೇಳಿರುವಂತೆ, ಆ ಯಂತ್ರ ಚೆನ್ನಾಗಿ ಕೆಲಸ ಮಾಡುವುದು ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿಯ ಒಳಗಿದ್ದಾಗ. ಚಿಪ್ 100 ಡಿಗ್ರಿ ಮುಟ್ಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, 105ಕ್ಕೆ ಯಂತ್ರ ಆರಿಹೋಗುತ್ತದೆ. ಆದ್ದರಿಂದ ನಮ್ಮ ಕಡೆ ಮೊದಲು ನಿಗದಿ ಮಾಡಬೇಕಾದದ್ದು ವ್ಯಾಟ್. ಗೇಮ್‌ನ ಸೆಟ್ಟಿಂಗ್‌ಗಳನ್ನು ಆ ವ್ಯಾಟ್‌ಗೆ ಹೊಂದಿಸುವುದು ಅದರ ನಂತರದ ಕೆಲಸ.

ಇಂಥ ಯಂತ್ರಗಳಲ್ಲಿ ಸಿಪಿಯು ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಚಿಪ್‌ನಲ್ಲಿದ್ದು, ಆ ಚಿಪ್ ಎಷ್ಟು ವಿದ್ಯುತ್ ಬಳಸಬಹುದು ಎಂಬ ಮಿತಿಯನ್ನು ನಾವೇ ಹಾಕಬಹುದು. ಸ್ಟೀಮ್ ಡೆಕ್‌ನಲ್ಲಿ ಬಲಬದಿಯ ಮೂರು ಚುಕ್ಕೆಯ ಬಟನ್ ಒತ್ತಿದರೆ ಬರುವ ಪರ್ಫಾರ್ಮೆನ್ಸ್ ಪುಟದಲ್ಲಿ ಈ ಮಿತಿ ಟಿಡಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರ ಗರಿಷ್ಠ 15 ವ್ಯಾಟ್. 2023ರ ಏಸುಸ್ ರಾಗ್ ಅಲೈನಲ್ಲಿ ಸೈಲೆಂಟ್, ಪರ್ಫಾರ್ಮೆನ್ಸ್, ಟರ್ಬೋ ಎಂಬ ಮೂರು ಹಂತಗಳಿದ್ದು, ಅವು ಕ್ರಮವಾಗಿ 10, 15, 25 ವ್ಯಾಟ್. ಚಾರ್ಜರ್ ಹಾಕಿದಾಗ ಟರ್ಬೋ 30 ವ್ಯಾಟ್‌ಗೆ ಏರುತ್ತದೆ. ಟರ್ಬೋ ಒತ್ತಿದ ಮೊದಲ ಹತ್ತು ನಿಮಿಷ ಎಲ್ಲರಿಗೂ ಖುಷಿಯಾಗುತ್ತದೆ. ಆದರೆ 15ರಿಂದ 25 ವ್ಯಾಟ್‌ಗೆ ಹೋದಾಗ ಖರ್ಚು ಮೂರನೇ ಎರಡರಷ್ಟು ಹೆಚ್ಚಿದರೂ ಫ್ರೇಮ್‌ಗಳು (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಶಾಖ ಮಾತ್ರ ಪೂರ್ತಿ ಹೆಚ್ಚುತ್ತದೆ. ಬೇಸಿಗೆಯಲ್ಲಿ 15 ವ್ಯಾಟ್‌ನಿಂದ ಆರಂಭಿಸಿ, ಗೇಮ್ ಅನ್ನು ಅರ್ಧ ಗಂಟೆ ಆಡಿ, ಪರದೆಯ ಮೂಲೆಯಲ್ಲಿ ಉಷ್ಣಾಂಶ ಮತ್ತು ಫ್ರೇಮ್ ಸಂಖ್ಯೆಯನ್ನು ತೋರಿಸಿಕೊಂಡು ನೋಡಬೇಕು. ಅರ್ಧ ಗಂಟೆಯ ಕೊನೆಯಲ್ಲೂ ಮೊದಲಿನ ಸಂಖ್ಯೆಯೇ ನಿಂತಿದ್ದರೆ ಅದೇ ನಿಮ್ಮ ಕೋಣೆಯ ವ್ಯಾಟ್. ಮನೆಯಲ್ಲಿ ಎ.ಸಿ. ಇರುವವರು ಅಲೈನಂಥ ಯಂತ್ರದಲ್ಲಿ 18, 20 ಎಂದು ಮೇಲೇರಿಸಿ ನೋಡಬಹುದು, ಅವರ ಪುಣ್ಯ.

ಕೋಣೆಯ ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ, ಅದೇ ವ್ಯಾಟ್‌ನಲ್ಲಿ ಚಿಪ್ ಕೂಡ ಸುಮಾರು ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ನಮ್ಮದು ಒಣ ಸೆಖೆಯಾದ್ದರಿಂದ ಏರ್ ಕೂಲರ್ ಇಲ್ಲಿ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆ. ಆದರೆ ತುಂತುರು ಹಾರುವಷ್ಟು ಹತ್ತಿರ, ನೇರ ಅದರ ಮುಂದೆ ಯಂತ್ರ ಹಿಡಿದು ಕೂರಬಾರದು. ಗಾಳಿ ಒಳಗೆಳೆಯುವ ಕಿಂಡಿ ಬೆನ್ನಿಗಿದ್ದು ಬಿಸಿಗಾಳಿ ಮೇಲಂಚಿನಿಂದ ಹೊರಬರುವುದರಿಂದ, ಹಾಸಿಗೆ, ದಿಂಬು, ತೊಡೆಯ ಮೇಲಿನ ಲುಂಗಿ ಇವು ಮೂರೂ ಆ ಕಿಂಡಿಯ ಶತ್ರುಗಳೇ.

ವ್ಯಾಟ್ ನಿಗದಿಯಾದ ಮೇಲೆ ಫ್ರೇಮ್ ಮಿತಿ. ಹ್ಯಾಂಡ್‌ಹೆಲ್ಡ್‌ನಲ್ಲಿ 60ರ ಆಸೆ ಬಿಟ್ಟು 40ಕ್ಕೆ ಒಪ್ಪಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಅದಕ್ಕೆ ಲೆಕ್ಕದ ಬೆಂಬಲವೂ ಇದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದಕ್ಕೂ 33.3 ಮಿಲಿಸೆಕೆಂಡ್, 40 ಎಂದರೆ 25, 60 ಎಂದರೆ 16.7. ಅಂದರೆ 30ರಿಂದ 40ಕ್ಕೆ ಬಂದಾಗ ಸಿಗುವ ಚುರುಕು, 40ರಿಂದ 60ಕ್ಕೆ ಹೋದಾಗ ಸಿಗುವಷ್ಟೇ ಇರುತ್ತದೆ, ಆದರೆ ಅದಕ್ಕಾಗಿ ಯಂತ್ರ ಹೆಚ್ಚು ಬಿಡಿಸಬೇಕಾದದ್ದು ಸೆಕೆಂಡಿಗೆ ಹತ್ತೇ ಫ್ರೇಮ್. 120 ಹರ್ಟ್ಜ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆಯಲ್ಲಿ, 40 ಸರಿಯಾಗಿ ಭಾಗವಾಗುತ್ತದೆ. ಮೊದಲ ಸ್ಟೀಮ್ ಡೆಕ್‌ನಲ್ಲಿ ಪರದೆಯನ್ನೇ 40 ಹರ್ಟ್ಜ್‌ಗೆ ಇಳಿಸಬಹುದು. ಗೇಮ್ ಒಮ್ಮೆ 52, ಮರುಕ್ಷಣ 37 ಎಂದು ಜಿಗಿಯುವುದಕ್ಕಿಂತ ಕದಲದ 40 ಕಣ್ಣಿಗೆ ಹಿತ, ಬ್ಯಾಟರಿಗೂ ಹಿತ.

ರೆಸಲ್ಯೂಷನ್ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಏಳು ಇಂಚಿನ ಪರದೆಯಲ್ಲಿ 1080ಪಿ ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 720ಪಿ ಎಂದರೆ 9.2 ಲಕ್ಷ, ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಗೇಮ್‌ನೊಳಗೆ ಎಎಂಡಿಯ ಎಫ್‌ಎಸ್‌ಆರ್ ಇದ್ದರೆ, ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುವ ಆ ವಿಧಾನವನ್ನು ಕ್ವಾಲಿಟಿ ಅಥವಾ ಬ್ಯಾಲೆನ್ಸ್ಡ್ ಹಂತದಲ್ಲಿಡಬೇಕು. ಎರಡು ಫ್ರೇಮ್‌ಗಳ ನಡುವೆ ಇನ್ನೊಂದನ್ನು ಕಲ್ಪಿಸಿ ಸೇರಿಸುವ ಫ್ರೇಮ್ ಜನರೇಷನ್ ಎಂಬ ಆಯ್ಕೆ ಮೂಲದಲ್ಲಿ 40ರ ಮೇಲೆ ಓಡುವ ಗೇಮ್ ಅನ್ನು ನುಣುಪು ಮಾಡಬಲ್ಲದು. 25ರಲ್ಲಿ ಕುಂಟುವ ಗೇಮ್ ಅನ್ನು ಅದು ಉದ್ಧಾರ ಮಾಡುವುದಿಲ್ಲ, ಬಟನ್ ಒತ್ತಿದ್ದಕ್ಕೂ ಪರದೆಯ ಚಲನೆಗೂ ನಡುವಿನ ವಿಳಂಬ ಕಡಿಮೆಯಾಗುವುದಿಲ್ಲ, ಸ್ವಲ್ಪ ಹೆಚ್ಚುತ್ತದೆ.

ಇನ್ನು ಗೇಮ್‌ನೊಳಗಿನ ಸೆಟ್ಟಿಂಗ್‌ಗಳು. ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ ಭಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2ರ ಹುಲ್ಲುಗಾವಲಿನಲ್ಲಿ ಸುಖವಾಗಿ ಓಡುವ ಸೆಟ್ಟಿಂಗ್, ಸೇಂಟ್ ಡೆನಿಸ್ ಊರಿಗೆ ಬಂದ ಕೂಡಲೇ ಮುಗ್ಗರಿಸಬಹುದು. ವಿಚರ್ 3ರಲ್ಲಿ ನೋವಿಗ್ರಾಡ್ ಪೇಟೆಯ ಕಥೆಯೂ ಅದೇ. ಆದ್ದರಿಂದ ಪರೀಕ್ಷೆಯನ್ನು ಯಾವಾಗಲೂ ಅತ್ಯಂತ ಗಿಜಿಗುಡುವ ಜಾಗದಲ್ಲಿ, ಅದೂ ಓಡಾಡುತ್ತ ಮಾಡಬೇಕು, ನಿಂತಲ್ಲೇ ನಿಂತು ಸಂಖ್ಯೆ ನೋಡುವುದರಿಂದ ಏನೂ ತಿಳಿಯದು.

ಪೇಟೆಯಲ್ಲಿ ಫ್ರೇಮ್ ಬೀಳಲು ಕಾರಣ ಹಲವು ಸಲ ಗ್ರಾಫಿಕ್ಸ್ ಆಗಿರುವುದಿಲ್ಲ. ನೂರಾರು ದಾರಿಹೋಕರು, ಬಂಡಿಗಳು, ಅವರ ನಡೆ, ಅವರ ಮಾತು ಇವನ್ನೆಲ್ಲ ಲೆಕ್ಕ ಹಾಕುವುದು ಸಿಪಿಯು. ಒಂದೇ ಬಾವಿಯಿಂದ ಎರಡು ಪಂಪ್ ನೀರೆತ್ತುವ ಹಾಗೆ, 15 ವ್ಯಾಟ್ ಅನ್ನು ಸಿಪಿಯು ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳುವುದರಿಂದ, ಸಿಪಿಯು ಹೆಚ್ಚು ಎಳೆದಷ್ಟೂ ಗ್ರಾಫಿಕ್ಸ್‌ಗೆ ಕಡಿಮೆ ಉಳಿಯುತ್ತದೆ. ಸೈಬರ್‌ಪಂಕ್ 2077ರಲ್ಲಿ ಕ್ರೌಡ್ ಡೆನ್ಸಿಟಿಯನ್ನು ಕೆಳಗಿನ ಹಂತಕ್ಕೆ ಇಳಿಸಿದರೆ ನಷ್ಟವಾಗುವುದು ಬೀದಿಯ ಗುಂಪಿನ ಒಂದು ಭಾಗ ಮಾತ್ರ. ಉಳಿದ ವ್ಯಾಟ್ ಚಿತ್ರಕ್ಕೆ ಹೋಗುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಸಿಪಿಯು ಬೂಸ್ಟ್ ಅನ್ನು ನಿಲ್ಲಿಸುವುದೂ ಇದೇ ಕಾರಣಕ್ಕೆ ಲಾಭದಾಯಕ: ಕ್ಷಣಕಾಲದ ಗರಿಷ್ಠ ವೇಗಕ್ಕಾಗಿ ಸಿಪಿಯು ಬಾಚಿಕೊಳ್ಳುತ್ತಿದ್ದ ವಿದ್ಯುತ್ ಉಳಿದು, ಚಿಪ್ ತಂಪಾಗಿರುತ್ತದೆ. 40ರ ಆಟಕ್ಕೆ ಆ ಬೂಸ್ಟ್‌ನ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಚಿತ್ರದ ಕಡೆ ಮೊದಲು ಕಡಿಯಬೇಕಾದವು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುವುದು), ವಾಲ್ಯೂಮೆಟ್ರಿಕ್ ಅಂದರೆ ದಪ್ಪವಿರುವಂತೆ ಕಾಣುವ ಮೋಡ ಮತ್ತು ಮಂಜು, ದೂರದ ನೆರಳು, ನೆಲದ ಮೇಲಿನ ಪ್ರತಿಬಿಂಬ. ಟೆಕ್ಸ್ಚರ್‌ಗೆ, ಅಂದರೆ ಗೋಡೆ, ಬಟ್ಟೆಗಳ ಮೇಲ್ಮೈಯ ಚಿತ್ರಗಳಿಗೆ, ಮಾತ್ರ ಕೈ ಹಾಕುವ ಅವಸರ ಬೇಡ. ಅದು ಮುಖ್ಯವಾಗಿ ಮೆಮೊರಿಯನ್ನು ತಿನ್ನುತ್ತದೆಯೇ ಹೊರತು ವ್ಯಾಟ್ ಅನ್ನಲ್ಲ. ಇಲ್ಲಿ ಒಂದು ತೊಡಕಿದೆ: 16 ಜಿಬಿ ಮೆಮೊರಿಯನ್ನು ವಿಂಡೋಸ್, ಗೇಮ್, ಗ್ರಾಫಿಕ್ಸ್ ಮೂರೂ ಹಂಚಿಕೊಳ್ಳಬೇಕು. ರಾಗ್ ಅಲೈನಲ್ಲಿ ಗ್ರಾಫಿಕ್ಸ್‌ಗೆ 6 ಜಿಬಿ ಮೀಸಲಿಟ್ಟರೆ ಟೆಕ್ಸ್ಚರ್ ಮಧ್ಯಮ ಹಂತದಲ್ಲಿ ನಿಲ್ಲುತ್ತದೆ, ಆದರೆ ಹಿಂದೆ ಬ್ರೌಸರ್ ತೆರೆದಿಡುವಂತಿಲ್ಲ.

ಡೌನ್‌ಲೋಡ್ ಬಗ್ಗೆ ಎರಡು ಮಾತು. ಸೈಬರ್‌ಪಂಕ್‌ಗೆ 70 ಜಿಬಿ ಜಾಗ ಬೇಕು, ರೆಡ್ ಡೆಡ್ 2ಕ್ಕೆ 150 ಜಿಬಿ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಎರಡನೆಯದನ್ನು ಇಳಿಸಲು ಎರಡೂವರೆ ತಿಂಗಳು ಬೇಕಾಗುತ್ತದೆ. 50 ಎಂಬಿಪಿಎಸ್ ಫೈಬರ್‌ನಲ್ಲಿ 100 ಜಿಬಿಗೆ ನಾಲ್ಕೂವರೆ ಗಂಟೆ ಸಾಕು. ಊರಲ್ಲಿ ಫೈಬರ್ ಇಲ್ಲದವರು, ಗೇಮ್ ಈಗಾಗಲೇ ಇರುವ ಸ್ನೇಹಿತರ ಪಿಸಿ ಪಕ್ಕ ಕೂತು ಒಂದೇ ವೈಫೈಗೆ ಸೇರಿಕೊಂಡರೆ, 2023ರಿಂದ ವಾಲ್ವ್‌ನ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿರುವ ಸ್ಥಳೀಯ ವರ್ಗಾವಣೆಯ ಸೌಲಭ್ಯದಿಂದ ಇಂಟರ್‌ನೆಟ್ ಡೇಟಾವನ್ನು ಹೆಚ್ಚು ಖರ್ಚು ಮಾಡದೆ ಅದನ್ನು ನಕಲಿಸಿಕೊಳ್ಳಬಹುದು. ಗೇಮ್ ಖರೀದಿಸಿರಬೇಕು ಎಂಬುದು ಬೇರೆ ಮಾತು.

ಕರೆಂಟ್ ಹೋದರೆ ಹ್ಯಾಂಡ್‌ಹೆಲ್ಡ್ ಆರುವುದಿಲ್ಲವಾದರೂ, ಚಾರ್ಜರ್ ಕಳಚಿದ ಹಾಗಾಗಿ ಅದರ ಪವರ್ ಮೋಡ್ ತಾನಾಗಿಯೇ ಕೆಳಗಿಳಿಯಬಹುದು, ಹೊಡೆದಾಟದ ನಡುವೆ ಫ್ರೇಮ್ ಕುಸಿಯುವುದು ಆಗಲೇ. ಪ್ಲಗ್ ಹಾಕಿದಾಗಲೂ ಬ್ಯಾಟರಿಯಲ್ಲೂ ಒಂದೇ ವ್ಯಾಟ್ ಇಟ್ಟರೆ ಈ ಕಿರಿಕಿರಿ ಇರುವುದಿಲ್ಲ. ಚಿಪ್ 15 ವ್ಯಾಟ್ ಬಳಸುವಾಗ ಪರದೆ, ಫ್ಯಾನ್, ಮೆಮೊರಿ ಸೇರಿ ಒಟ್ಟು 20 ವ್ಯಾಟ್ ದಾಟುತ್ತದೆ. 40 ವ್ಯಾಟ್-ಅವರ್ ಬ್ಯಾಟರಿಯುಳ್ಳ ಮೊದಲ ಅಲೈನಲ್ಲಿ ಅದು ಎರಡು ಗಂಟೆಗೂ ಕಡಿಮೆ, 80 ವ್ಯಾಟ್-ಅವರ್ ಇರುವ ಅಲೈ ಎಕ್ಸ್‌ನಲ್ಲಿ ಅದರ ದುಪ್ಪಟ್ಟು. ರೂಟರ್ ಇನ್ವರ್ಟರ್ ಲೈನಿನಲ್ಲಿಲ್ಲದಿದ್ದರೆ ಇಂಟರ್‌ನೆಟ್ ಕೂಡ ಹೋಗುತ್ತದೆ. ಕೆಲವು ಗೇಮ್‌ಗಳು ತಮ್ಮನ್ನು ತೆರೆಯುವ ತಮ್ಮದೇ ಲಾಂಚರ್ ತಂತ್ರಾಂಶದಲ್ಲಿ ಲಾಗಿನ್ ಕೇಳುವುದರಿಂದ, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಡುವ ಮುನ್ನ ಮನೆಯಲ್ಲೇ ಆಫ್‌ಲೈನ್ ಮೋಡ್‌ನಲ್ಲಿ ಒಮ್ಮೆ ತೆರೆದು ನೋಡುವುದು ಒಳಿತು.

ಕೊನೆಯದಾಗಿ ಧೂಳು. ಸಂಡೂರು, ತೋರಣಗಲ್ಲು ಸುತ್ತಲಿನ ಅದಿರಿನ ಕೆಂಪು ಧೂಳಾಗಲಿ, ಶಕ್ತಿನಗರದ ಕಡೆಯ ಹಾರುಬೂದಿಯಾಗಲಿ, ಫ್ಯಾನ್ ಎಳೆಯುವ ಗಾಳಿಯ ಜೊತೆಗೇ ಒಳಸೇರುತ್ತದೆ. ಕಿಂಡಿಗೆ ಬಟ್ಟೆ ಅಥವಾ ಜಾಲರಿ ಅಂಟಿಸಿದರೆ ಧೂಳಿನ ಜೊತೆ ಗಾಳಿಯೂ ನಿಲ್ಲುತ್ತದೆ. ಮೃದು ಬ್ರಷ್‌ನಿಂದ ಕಿಂಡಿಯನ್ನು ಆಗಾಗ ಒರೆಸಿ, ಆಡದಿರುವಾಗ ಕೇಸ್‌ನೊಳಗಿಡುವುದೇ ಸರಿ. ಮೇಲೆ ಹೇಳಿದ ಅರ್ಧ ಗಂಟೆಯ ಪರೀಕ್ಷೆಯ ಉಷ್ಣಾಂಶವನ್ನು ಬರೆದಿಟ್ಟುಕೊಂಡಿದ್ದರೆ, ಅದೇ ಕೋಣೆ, ಅದೇ ಹೊತ್ತು, ಅದೇ ವ್ಯಾಟ್‌ನಲ್ಲಿ ಚಿಪ್ ಏಳೆಂಟು ಡಿಗ್ರಿ ಹೆಚ್ಚು ತೋರಿಸಿದಾಗ ಚಿಪ್‌ನ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ನಲ್ಲಿ ಧೂಳು ಕಟ್ಟಿದೆಯೆಂದು ಊಹಿಸಬಹುದು. ಆಗ ಸೆಟ್ಟಿಂಗ್ ಬದಲಿಸುತ್ತ ಕೂರದೆ, ವಾರಂಟಿ ಇದ್ದರೆ ಸರ್ವಿಸ್ ಸೆಂಟರ್‌ನಲ್ಲಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಬಿಚ್ಚಿ ಅನುಭವವಿರುವವರ ಕೈಯಲ್ಲಿ ಒಳಗಿನಿಂದ ಸ್ವಚ್ಛ ಮಾಡಿಸಬೇಕು.