ಸಣ್ಣ ಟಾರ್ಚ್, ದೊಡ್ಡ ಬೆಳಕು: ಕೊಳ್ಳುವ ಮುಂಚೆ ಏನೇನು ನೋಡಬೇಕು

ನಮ್ಮ ಮೂಡಿಗೆರೆ ಕಡೆ ಟಾರ್ಚ್‌ಗೆ ಇವತ್ತಿಗೂ ಬ್ಯಾಟ್ರಿ ಅಂತಲೇ ಹೇಳುತ್ತಾರೆ. ಮೂರು ಸೆಲ್ಲಿನ ಉದ್ದ ಬ್ಯಾಟ್ರಿ ಹೋಗಿ ಈಗ ಎಲ್ಲರ ಜೇಬಿನಲ್ಲೂ ಗೇಣುದ್ದವೂ ಇಲ್ಲದ ಟಾರ್ಚ್ ಬಂದಿದೆ, ಡಬ್ಬದ ಮೇಲೆ ನೋಡಿದರೆ 2000, 3000 ಲ್ಯೂಮೆನ್, ಅಂದರೆ ಒಟ್ಟು ಬೆಳಕಿನ ಅಳತೆ. ನಾನೂ ಆ ಅಂಕಿ ನೋಡಿಯೇ ಒಂದು ತಂದೆ. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ನೀರು ಹೊಡೆಯುತ್ತಿದ್ದೆವು, ರಾತ್ರಿ ನೀರು ಚಿಮ್ಮುವ ಜೆಟ್ಟಿನ ಜಾಗ ಬದಲಿಸೋಕೆ ಚಿಕ್ಕಪ್ಪನ ಜೊತೆ ಇಳಿಜಾರು ಇಳಿಯುತ್ತಿದ್ದೆ. ಹಗಲಿನ ಹಾಗೆ ಬೆಳಕು. ಎರಡು ನಿಮಿಷ ಆಗಿರಬೇಕು, ಅದು ಮೆಲ್ಲಗೆ ಕುಗ್ಗಿ ಕಾಲು ಭಾಗಕ್ಕೆ ಬಂತು. "ಸೆಲ್ ಹೋಯ್ತೇನೋ ಮಗಾ?" ಅಂದರು ಚಿಕ್ಕಪ್ಪ. ಸೆಲ್ ಹೋಗಿರಲಿಲ್ಲ. ಟಾರ್ಚಿನ ಮೈ ಮುಟ್ಟಿದರೆ ಬಿಸಿ ಕಾಫಿ ಲೋಟ ಹಿಡಿದ ಹಾಗಿತ್ತು. ಬಿಸಿ ಜಾಸ್ತಿ ಆಯ್ತು ಅಂತ ಟಾರ್ಚೇ ಬೆಳಕು ಇಳಿಸಿಕೊಂಡಿತ್ತು.

ಸಣ್ಣ ಟಾರ್ಚಿನ ಎಲ್ಲ ಲೆಕ್ಕ ಶುರುವಾಗೋದು ಈ ಬಿಸಿಯಿಂದಲೇ. ಅಷ್ಟು ಜೋರಾಗಿ ಉರಿಯುವಾಗ ಎಲ್‌ಇಡಿ ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 3000 ಲ್ಯೂಮೆನ್‌ಗೆ 30 ವಾಟ್ ಬೇಕು, ಅದರಲ್ಲಿ 20 ವಾಟ್ ಆಸುಪಾಸು ಬೆಳಕಾಗದೆ ಬರೀ ಬಿಸಿಯಾಗುತ್ತದೆ. ಟಾರ್ಚಿನ ಅಲ್ಯೂಮಿನಿಯಂ ಮೈ 100 ಗ್ರಾಂ ಇದ್ದರೆ ಅದನ್ನು ಒಂದು ಡಿಗ್ರಿ ಏರಿಸೋಕೆ 90 ಜೂಲ್ ಸಾಕು. 20 ವಾಟ್ ಅಂದರೆ ಸೆಕೆಂಡಿಗೆ 20 ಜೂಲ್, ಅಂದರೆ ನಾಲ್ಕೂವರೆ ಸೆಕೆಂಡಿಗೆ ಒಂದು ಡಿಗ್ರಿ. 20 ಡಿಗ್ರಿ ಇದ್ದದ್ದು 50 ಆಗೋಕೆ ಎರಡೂಕಾಲು ನಿಮಿಷ. ಒಳಗಿನ ಸೆಲ್ಲೂ ಸ್ವಲ್ಪ ಬಿಸಿ ಕುಡಿಯುತ್ತದೆ, ಗಾಳಿಗೂ ಕೈಗೂ ಸ್ವಲ್ಪ ಹೋಗುತ್ತದೆ, ಆದರೂ ಕಥೆ ಹೆಚ್ಚು ಬದಲಾಗಲ್ಲ. ಹಾಗಾಗಿ ಬೆಳಕು ಇಳಿಯೋದು ಕೆಟ್ಟ ಟಾರ್ಚಿನ ಗುರುತಲ್ಲ. ಇಳಿಯದಿದ್ದರೆ ಕೈಯೋ ಎಲ್‌ಇಡಿಯೋ ಸುಡುತ್ತದೆ. ಮೈ ದಪ್ಪ ಮಾಡಿದರೆ ತಡವಾಗಿ ಬಿಸಿಯಾಗುತ್ತದೆ, ಆದರೆ ಜೇಬು ಜಗ್ಗುತ್ತದೆ. ತಲೆಯ ಸುತ್ತ ಗೀರು ಕೊರೆದರೆ ಗಾಳಿಗೆ ಬೇಗ ಆರುತ್ತದೆ, ಆದರೆ ಆ ಗೀರಿನಲ್ಲಿ ಕೆಸರು ಕೂರುತ್ತದೆ.

ಡಬ್ಬದಲ್ಲಿ "3000 ಲ್ಯೂಮೆನ್, 2 ಗಂಟೆ" ಅಂತ ಒಟ್ಟಿಗೆ ಬರೆದಿದ್ದರೆ ಎರಡು ಗಂಟೆಯೂ 3000 ಅಂತ ಅಂದುಕೊಳ್ಳಬೇಡಿ. ಆನ್ಸಿ ಎಫ್‌ಎಲ್‌1 ಅನ್ನುವ ಅಳತೆ ಪದ್ಧತಿ ಇದೆ. ಅದರಲ್ಲಿ ಲ್ಯೂಮೆನ್ ಅಳೆಯೋದು ಟಾರ್ಚ್ ಹಚ್ಚಿ 30 ಸೆಕೆಂಡ್ ಆದ ಮೇಲೆ. ಗಂಟೆ ಎಣಿಸೋದು ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕ. ಎರಡೂ ನಿಜವೇ. ಆದರೆ ಮಧ್ಯದ ಹೆಚ್ಚಿನ ಹೊತ್ತು ನೀವು ನಡೆಯುತ್ತಿರೋದು 500, 600 ಲ್ಯೂಮೆನ್‌ನಲ್ಲಿ ಇರಬಹುದು. ನಿಮಗೆ ಬೇಕಾಗಿರೋದು ಹತ್ತು ನಿಮಿಷ ಆದ ಮೇಲಿನ ಬೆಳಕು, ಅಲ್ವಾ?

ಅದನ್ನು ಮನೆಯಲ್ಲೇ ಅಳೆಯಬಹುದು. ಫೋನಿಗೆ ಬೆಳಕು ಅಳೆಯುವ ಲಕ್ಸ್ ಮೀಟರ್ ಆಪ್ ಹಾಕಿಕೊಳ್ಳಿ. ರಾತ್ರಿ ಬಿಳಿ ಸೀಲಿಂಗ್ ಇರುವ ಕೋಣೆಯಲ್ಲಿ ಎಲ್ಲ ದೀಪ ಆರಿಸಿ, ಟಾರ್ಚನ್ನು ಮೇಜಿನ ಮೇಲೆ ಸೀಲಿಂಗ್ ಕಡೆ ಮುಖ ಮಾಡಿ ನಿಲ್ಲಿಸಿ, ಎರಡು ಮೊಳ ದೂರದಲ್ಲಿ ಫೋನ್ ಅಂಗಾತ ಇಡಿ. ಯಾವುದನ್ನೂ ಕದಲಿಸಬೇಡಿ, ನೀವೂ ಅಡ್ಡ ನಿಲ್ಲಬೇಡಿ. ಟಾರ್ಚ್ ಹಚ್ಚಿ 30 ಸೆಕೆಂಡ್ ಆದಾಗ ಒಂದು ಅಂಕಿ ಬರೆದುಕೊಳ್ಳಿ, ಆಮೇಲೆ 2, 5, 10, 20 ನಿಮಿಷಕ್ಕೆ. ಫೋನು ತೋರಿಸುವ ಲಕ್ಸ್ ಸರಿಯಾಗಿಲ್ಲದಿದ್ದರೂ ಚಿಂತೆ ಇಲ್ಲ, ನಮಗೆ ಬೇಕಾಗಿರೋದು ಪಾಲು. ಮೊದಲು 240 ಇದ್ದದ್ದು ಹತ್ತು ನಿಮಿಷಕ್ಕೆ 60 ಆದರೆ ನಿಮ್ಮ 3000ದ ಟಾರ್ಚ್ ದಾರಿಯಲ್ಲಿ ಸುಮಾರು 750ರ ಟಾರ್ಚ್. ಒಂದು ಮಾತು ನೆನಪಿಡಿ: ಮೇಜಿನ ಮೇಲೆ ಅದು ಬೇಗ ಬಿಸಿಯಾಗುತ್ತದೆ. ಕೈಯಲ್ಲಿ ಹಿಡಿದು ತಣ್ಣನೆ ಗಾಳಿಯಲ್ಲಿ ನಡೆದರೆ ಇನ್ನೂ ಸ್ವಲ್ಪ ಜಾಸ್ತಿಯೇ ಸಿಗುತ್ತದೆ.

ಇನ್ನೊಂದು ಅಂಕಿ ಕ್ಯಾಂಡೆಲಾ. ಲ್ಯೂಮೆನ್ ಅಂದರೆ ಒಟ್ಟು ಬೆಳಕು, ಕ್ಯಾಂಡೆಲಾ ಅಂದರೆ ಒಂದೇ ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತದೆ ಅನ್ನೋದು. ಡಬ್ಬದ ಮೇಲಿನ ಮೀಟರ್ ಲೆಕ್ಕ ಬರೋದು ಇದರಿಂದಲೇ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. 400 ಮೀಟರ್ ಬೇಕಾದರೆ 40,000 ಬೇಕು. ಆ ದೂರದಲ್ಲಿ ಬೀಳೋದು ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು, 0.25 ಲಕ್ಸ್. ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗಬೇಕಾದರೆ ಅರ್ಧ ದೂರ ಅಂತ ಲೆಕ್ಕ ಹಿಡಿಯಿರಿ. ದೂರ ಹೋಗೋಕೆ ಅಗಲವಾದ ರಿಫ್ಲೆಕ್ಟರ್ ಬೇಕು, ತಲೆ ದೊಡ್ಡದಾಗಬೇಕು. ಜೇಬಿಗೆ ಹಿಡಿಸುವ ತಲೆ ಇಟ್ಟುಕೊಂಡು ದೂರವೂ ಬೇಕು, ಅಗಲವೂ ಬೇಕು ಅಂದರೆ ಆಗಲ್ಲ. ಕಡೂರು, ಅರಸೀಕೆರೆ ಕಡೆ ಬಯಲಿನ ತೆಂಗಿನ ತೋಟಕ್ಕೆ ಬೆಳಕು ದೂರ ಹೋಗುವ ಟಾರ್ಚ್ ಸರಿ. ಕಾಫಿ ಗಿಡಗಳ ಸಾಲಿನಲ್ಲಿ ಹತ್ತು ಮಾರು ಆಚೆ ಬರೀ ಎಲೆ, ಅಲ್ಲಿ ಕಾಲಡಿ ಅಗಲವಾಗಿ ಚೆಲ್ಲುವ ಬೆಳಕೇ ಬೇಕು.

ಮಂಜಿನ ಮಾತು ಬೇರೆ. ಕೊಟ್ಟಿಗೆಹಾರದಲ್ಲಿ ಜುಲೈ ರಾತ್ರಿ ಜೋರು ಟಾರ್ಚ್ ಹಚ್ಚಿ ನೋಡಿ, ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಬೆಳಕು ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಲ್ಯೂಮೆನ್ ಏರಿಸಿದಷ್ಟೂ ಗೋಡೆ ದಪ್ಪ. ತಲೆಗೆ ಕಟ್ಟುವ ಟಾರ್ಚ್ ಇಲ್ಲಿ ಇನ್ನೂ ಕಷ್ಟ, ಅದು ಕಣ್ಣಿನ ಪಕ್ಕದಲ್ಲೇ ಇರುತ್ತದೆ. ಟಾರ್ಚನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಬೆಳಕನ್ನೂ ಇಳಿಸಿ, ನೆಲದ ಕಡೆ ಬಿಡಿ. ಆಗ ದಾರಿ ಕಾಣುತ್ತದೆ.

ಬೆಳಕಿನ ಬಣ್ಣಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಲ್ಯೂಮೆನ್ ಜಾಸ್ತಿ ತೋರಿಸೋಕೆ ಕಂಪನಿಗಳು 6500 ಕೆಲ್ವಿನ್‌ನ ನೀಲಿ ಬಿಳಿ ಎಲ್‌ಇಡಿ ಹಾಕುತ್ತಾರೆ, ಅದರ ಸಿಆರ್‌ಐ 70ರ ಆಸುಪಾಸು ಇರುತ್ತದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ. ಸಿಆರ್‌ಐ ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ, ಹೆಚ್ಚೆಂದರೆ 100. ನಮ್ಮ ಮನೆ ಹಿಂದಿನ ದಾರಿಯಲ್ಲಿ ಸಿಲ್ವರ್ ಓಕಿನ ತರಗೆಲೆ ಬಿದ್ದಿರುತ್ತದೆ. ನೀಲಿ ಬೆಳಕಿನಲ್ಲಿ ಅದೆಲ್ಲ ಒಂದೇ ಬೂದಿ ಬಣ್ಣ. ಒಂದು ರಾತ್ರಿ ಎರಡು ಟಾರ್ಚ್ ಹಿಡಿದು ಅದೇ ಜಾಗ ನೋಡಿದೆ. 4000 ಕೆಲ್ವಿನ್, 90 ದಾಟಿದ ಸಿಆರ್‌ಐ ಇರುವುದನ್ನು ಬಿಟ್ಟಾಗ ಒಣಗಿದ ಎಲೆ ಒಂದು ಬಣ್ಣ, ಹಸಿ ಎಲೆ ಒಂದು ಬಣ್ಣ, ನಡುವೆ ಬಿದ್ದಿದ್ದ ಕಂದು ಹಗ್ಗದ ತುಂಡು ಬೇರೆಯೇ ಬಣ್ಣ. ಮೊದಲ ಟಾರ್ಚಿನಲ್ಲಿ ಆ ಹಗ್ಗ ನನಗೆ ಕಂಡೇ ಇರಲಿಲ್ಲ. ಹಗ್ಗದ ಜಾಗದಲ್ಲಿ ಮಂಡಲದ ಹಾವು ಇದ್ದಿದ್ದರೆ? ಅದು ಎಲೆಯ ಬಣ್ಣದಲ್ಲೇ ಸುತ್ತಿಕೊಂಡು ಮಲಗಿರುತ್ತದೆ. ಇಂಥ ಎಲ್‌ಇಡಿಯಿಂದ ಸ್ವಲ್ಪ ಲ್ಯೂಮೆನ್ ಹೋಗುತ್ತದೆ, ಹೋಗಲಿ. ನಮ್ಮ ಕಣ್ಣಿಗೆ ಬೆಳಕು ಎರಡು ಪಟ್ಟು ಅನ್ನಿಸಬೇಕಾದರೆ ಲ್ಯೂಮೆನ್ ಸುಮಾರು ನಾಲ್ಕು ಪಟ್ಟು ಬೇಕು, ಹಾಗಾಗಿ ಕಾಲು ಭಾಗ ಕಡಿಮೆಯಾದರೂ ಗೊತ್ತೇ ಆಗಲ್ಲ.

ಸೆಲ್ಲಿಗೆ ಬರೋಣ. ಇಂಥ ಟಾರ್ಚಿನ ಚಾರ್ಜ್ ಮಾಡುವ ಸೆಲ್ಲಿಗೆ ಅದರ ಅಳತೆಯೇ ಹೆಸರು. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 21700 ಅಂದರೆ 21 ದಪ್ಪ, 70 ಉದ್ದ. ಮೊದಲನೆಯದರಲ್ಲಿ 3500 ಎಂಎಎಚ್ (ಸೆಲ್ ಹಿಡಿಯುವ ಚಾರ್ಜಿನ ಅಳತೆ) ಆಸುಪಾಸು, ಎರಡನೆಯದರಲ್ಲಿ 5000 ಆಸುಪಾಸು ಸಿಗುತ್ತದೆ. ಕೈಗೆ ಸ್ವಲ್ಪ ದಪ್ಪ ಅನ್ನಿಸಿದರೂ ನಾನು 21700 ತಗೊಳ್ಳಿ ಅಂತಲೇ ಹೇಳುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. 18650 ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು, ಮುಟ್ಟಲೇಬೇಡಿ. ಅನುಮಾನ ಬಂದರೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಒಳ್ಳೆ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, 30 ಗ್ರಾಂ ಬಂದರೆ ಒಳಗೆ ಸರಕೇ ಇಲ್ಲ ಅಂತ ಅರ್ಥ. ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಕೂಡ ಇಂಥ ಟಾರ್ಚಿಗೆ ಬೇಡ. ಈ ಟಾರ್ಚ್ ಒಂದೇ ಸೆಲ್ಲಿನಿಂದ ಎಂಟು ಆಂಪಿಯರ್ ಎಳೆಯಬಹುದು, ಅಷ್ಟು ಕೊಡಲಾರದ ಸೆಲ್ ಕಾದು ಅಪಾಯ ತರುತ್ತದೆ.

ಚಾರ್ಜಿಂಗ್ ತೂತು ಟಾರ್ಚಿನಲ್ಲೇ ಇದ್ದರೆ ಪವರ್ ಬ್ಯಾಂಕಿನಿಂದಲೂ ಜೀಪಿನಿಂದಲೂ ಚಾರ್ಜ್ ಮಾಡಬಹುದು, ಅದು ದೊಡ್ಡ ಅನುಕೂಲ. ಆದರೆ ಅದರ ರಬ್ಬರ್ ಮುಚ್ಚಳವೇ ನೀರು ನುಗ್ಗುವ ಜಾಗ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ, ಮುಚ್ಚಳ ಸರಿ ಕೂತಿದ್ದರೆ ಮಾತ್ರ. ಸೆಲ್ ಹೊರಗೆ ತೆಗೆಯಲು ಬರುವಂಥದ್ದನ್ನೇ ತಗೊಳ್ಳಿ, ಇನ್ನೊಂದು ಸೆಲ್ ಜೊತೆಗಿಟ್ಟರೆ ರಾತ್ರಿ ಪೂರ್ತಿ ನಡೆಯುತ್ತದೆ. ಮೇ ಕೊನೆಗೆ ಹಿಂದಿನ ಮುಚ್ಚಳ ಬಿಚ್ಚಿ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ಅಡುಗೆ ಎಣ್ಣೆ, ವ್ಯಾಸಲಿನ್ ಬೇಡ, ಕೆಲವು ಬಗೆಯ ರಬ್ಬರ್ ಹಾಳಾಗುತ್ತದೆ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಇರುವವರಿಗೆ ಒಂದು ಮಾತು. ಜೋರು ಟಾರ್ಚ್ ಇದೆ ಅಂತ ಆನೆಯ ಮುಖಕ್ಕೆ ಬಿಡಬೇಡಿ, ಮಿಣಮಿಣ ಮಾಡುವ ಸ್ಟ್ರೋಬ್ ಅಂತೂ ಬೇಡವೇ ಬೇಡ. ಅದು ಕೆರಳಿ ಬೆಳಕಿನ ಕಡೆಗೇ ನುಗ್ಗಬಹುದು. ಇದೆ ಅಂತ ಗೊತ್ತಾದ ಕ್ಷಣ ಬೆಳಕು ನೆಲಕ್ಕೆ ಇಳಿಸಿ ವಾಪಸ್ ಬನ್ನಿ.

ಸ್ವಿಚ್ಚಿನ ವಿಷಯಕ್ಕೆ ಬಂದರೆ, ಕತ್ತಲಲ್ಲಿ ಮೊದಲ ಒತ್ತಿಗೆ ಸಣ್ಣ ಬೆಳಕು ಬರುವುದೇ ಒಳ್ಳೆಯದು. ಒಮ್ಮೆಲೇ 3000 ಬಂದರೆ ಕಣ್ಣು ಕುರುಡಾದ ಹಾಗಾಗುತ್ತದೆ. ಜೇಬಿನಲ್ಲಿ ಇಡುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಹೆಚ್ಚಿನ ಟಾರ್ಚ್‌ಗಳಲ್ಲಿ ಅಷ್ಟಕ್ಕೇ ಸಂಪರ್ಕ ತಪ್ಪುತ್ತದೆ. ನಿಮ್ಮದರಲ್ಲಿ ತಪ್ಪುತ್ತದೋ ಇಲ್ಲವೋ ಸ್ವಿಚ್ ಒತ್ತಿ ನೋಡಿಕೊಳ್ಳಿ. ನನ್ನ ಮೊದಲನೆಯದು ಜೇಬಿನಲ್ಲೇ ಹತ್ತಿಕೊಂಡು ಜರ್ಕಿನ್ನಿನ ಒಳಬಟ್ಟೆ ಐದು ರೂಪಾಯಿ ನಾಣ್ಯದಷ್ಟು ಅಗಲ ಕರಗಿತ್ತು.