ಲಿನಕ್ಸ್‌ನಲ್ಲಿ ನಿಮ್ಮದೇ ತಂಬೂರಿ: ಪ್ಯೂರ್ ಡೇಟಾ ಹಾಕಿ ಶ್ರುತಿ ಕಟ್ಟುವುದು ಹೇಗೆ?

ಸಂಗೀತ ಕಲಿಯುವವರ ಫೋನ್‌ನಲ್ಲಿ ಈಗ ಒಂದು ತಂಬೂರಿ ಆ್ಯಪ್ ಇದ್ದೇ ಇರುತ್ತದೆ. ಅದಕ್ಕೂ ಮೊದಲು ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಎಷ್ಟೋ ಪಾಠದ ಮನೆಗಳಲ್ಲಿ ಹಾಡಿದೆ. ಇವೆಲ್ಲ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಒಳಗಿನ ಪಂಚಮ ಯಾವ ಲೆಕ್ಕದಲ್ಲಿ ಹುಟ್ಟುತ್ತಿದೆ ಎಂದು ಮುಚ್ಚಳ ತೆಗೆದು ನೋಡಲು, ಅದನ್ನು ಕೂದಲೆಳೆಯಷ್ಟು ಸರಿಸಿ ಕೇಳಲು ಅವುಗಳಲ್ಲಿ ಸಾಮಾನ್ಯವಾಗಿ ದಾರಿ ಇರುವುದಿಲ್ಲ. ಕಿವಿ ಪಳಗಿಸಿಕೊಳ್ಳುವ ವಿದ್ಯಾರ್ಥಿಗೆ ಆ ದಾರಿ ಬೇಕು. ಲಿನಕ್ಸ್ ಇರುವ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಪ್ಯೂರ್ ಡೇಟಾ ಎಂಬ ಉಚಿತ ತಂತ್ರಾಂಶ ಇದ್ದರೆ ಒಂದು ಸಂಜೆಯಲ್ಲಿ ಅಂಥ ತಂಬೂರಿಯನ್ನು ನೀವೇ ಕಟ್ಟಬಹುದು.

ಪ್ಯೂರ್ ಡೇಟಾ ಬರೆದವರು ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಅವರು ಮ್ಯಾಕ್ಸ್ ಎಂಬ ಸಂಗೀತದ ಪ್ರೋಗ್ರಾಮನ್ನು ರೂಪಿಸಿದರು. ಅದು ಮುಂದೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ಅದೇ ಆಲೋಚನೆಯನ್ನು ಹೊಸದಾಗಿ ಬರೆದು ಎಲ್ಲರಿಗೂ ತೆರೆದಿಟ್ಟರು. ಇದರಲ್ಲಿ ಸಾಲುಗಟ್ಟಲೆ ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲೆ ಸಣ್ಣ ಪೆಟ್ಟಿಗೆಗಳನ್ನು ಇಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆಯುತ್ತೀರಿ. ಹಾಗೆ ಕಟ್ಟಿದ್ದಕ್ಕೆ ‘ಪ್ಯಾಚ್’ ಎನ್ನುತ್ತಾರೆ. ಸೂಪರ್‌ಕೊಲೈಡರ್, ಸಿಸೌಂಡ್, ಸೋನಿಕ್ ಪೈ ಎಲ್ಲವೂ ಲಿನಕ್ಸ್‌ನಲ್ಲಿ ಸಿಗುವ ಒಳ್ಳೆಯ ಸಾಧನಗಳೇ. ಆದರೂ ಪ್ರೋಗ್ರಾಮಿಂಗ್ ಗೊತ್ತಿಲ್ಲದ ಸಂಗೀತಗಾರರಿಗೆ ನಾನು ಮೊದಲು ಹೇಳುವುದು ಪ್ಯೂರ್ ಡೇಟಾ. ಧ್ವನಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅಳವಡಿಸುವುದು

ಇಲ್ಲಿ ಉಬುಂಟು 24.04 ಅಥವಾ ಲಿನಕ್ಸ್ ಮಿಂಟ್ 22 ಇದೆ ಎಂದುಕೊಳ್ಳೋಣ. ಟರ್ಮಿನಲ್ ತೆರೆದು, ‘ಸುಡೋ ಆಪ್ಟ್ ಇನ್‌ಸ್ಟಾಲ್’ ಎಂಬ ಮೂರು ಪದಗಳ ಮುಂದೆ ಮೂರು ಪ್ಯಾಕೇಜ್‌ಗಳ ಹೆಸರು ಕೊಡಿ: ಪ್ಯೂರ್‌ಡೇಟಾ, ಪೈಪ್‌ವೈರ್-ಜ್ಯಾಕ್, ಕ್ಯೂಪಿಡಬ್ಲ್ಯುಗ್ರಾಫ್. ಎಲ್ಲವನ್ನೂ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಪ್ಯೂರ್‌ಡೇಟಾ ಒಂದೇ ಪದ, ನಡುವೆ ಜಾಗ ಬಿಡಬೇಡಿ. ಪೈಪ್‌ವೈರ್ ಮತ್ತು ಜ್ಯಾಕ್ ನಡುವೆ ಹೈಫನ್ ಇದೆ. ಮೂರನೆಯದರಲ್ಲಿ ಮೊದಲು ಕ್ಯೂ, ಪಿ, ಡಬ್ಲ್ಯು ಅಕ್ಷರಗಳು, ಅವಕ್ಕೆ ಅಂಟಿಕೊಂಡಂತೆ ಗ್ರಾಫ್. ಪಾಸ್‌ವರ್ಡ್ ಕೊಟ್ಟರೆ ಉಳಿದದ್ದು ತಾನೇ ನಡೆಯುತ್ತದೆ.

ಧ್ವನಿಯ ದಾರಿ

ಹೊಸಬರು ಜಾಸ್ತಿ ಕಷ್ಟಪಡುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಲಿನಕ್ಸ್‌ನಲ್ಲಿ ಧ್ವನಿಗೆ ಹಲವು ಪದರಗಳಿವೆ. ತಳದಲ್ಲಿ ಆಲ್ಸಾ ಇದೆ, ಸೌಂಡ್ ಕಾರ್ಡ್ ಜೊತೆ ನೇರವಾಗಿ ಮಾತಾಡುವುದು ಇದೇ. ಬ್ರೌಸರ್, ಸಿನಿಮಾ ಪ್ಲೇಯರ್‌ಗಳ ಧ್ವನಿಯನ್ನೆಲ್ಲ ಬೆರೆಸಿ ಕಳಿಸಲು ಮೊದಲು ಪಲ್ಸ್‌ಆಡಿಯೊ ಇತ್ತು. ಸಂಗೀತದ ಕೆಲಸಕ್ಕೆ, ಅಂದರೆ ಒತ್ತಿದ ತಕ್ಷಣ ಧ್ವನಿ ಕೇಳಬೇಕಾದ ಕಡೆ, ಜ್ಯಾಕ್ ಇತ್ತು. ಇವೆರಡನ್ನೂ ಒಟ್ಟಿಗೆ ಓಡಿಸುವುದು ದೊಡ್ಡ ರಗಳೆಯಾಗಿತ್ತು. ವಿಮ್ ಟೇಮನ್ಸ್ ಆರಂಭಿಸಿದ ಪೈಪ್‌ವೈರ್ ಈ ಎರಡರ ಕೆಲಸವನ್ನೂ ತಾನೊಂದೇ ಮಾಡುತ್ತದೆ. 2021ರಲ್ಲಿ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿ ಇದನ್ನು ಮೊದಲಿಗೇ ಸೇರಿಸಿಕೊಂಡಿತು, ಉಬುಂಟು 22.10ರಿಂದ ಅನುಸರಿಸಿತು. ನಿಮ್ಮ ಯಂತ್ರದಲ್ಲೂ ಈಗ ಅದೇ ಇರುತ್ತದೆ.

ಪ್ಯೂರ್ ಡೇಟಾವನ್ನು ಮೆನುವಿನಿಂದ ತೆರೆದು ಆಲ್ಸಾ ಆರಿಸಿಕೊಂಡರೆ ಅದು ಸೌಂಡ್ ಕಾರ್ಡನ್ನು ತಾನೊಂದೇ ಹಿಡಿದುಕೊಳ್ಳಬಹುದು. ಆಗ ಬ್ರೌಸರ್ ಮೌನವಾಗುತ್ತದೆ. ಬ್ರೌಸರ್ ಮೊದಲೇ ಹಾಡುತ್ತಿದ್ದರೆ ಪ್ಯೂರ್ ಡೇಟಾ ಮೌನವಾಗುತ್ತದೆ. ಅದರ ಬದಲು ಟರ್ಮಿನಲ್‌ನಲ್ಲಿ ಪಿ, ಡಬ್ಲ್ಯು, ಹೈಫನ್, ಜ್ಯಾಕ್ ಎಂದು ಬರೆದು, ಜಾಗ ಬಿಟ್ಟು, ಪ್ಯೂರ್‌ಡೇಟಾ ಎಂದು ಕೊಡಿ. ಹೀಗೆ ಕೊಟ್ಟರೆ ಪ್ಯೂರ್ ಡೇಟಾ ಪೈಪ್‌ವೈರನ್ನೇ ಜ್ಯಾಕ್ ಎಂದು ತಿಳಿದು ಸೇರಿಕೊಳ್ಳುತ್ತದೆ. ತೆರೆದ ಕಿಟಕಿಯ ಮೀಡಿಯಾ ಮೆನುವಿನಲ್ಲಿ ಜ್ಯಾಕ್ ಆರಿಸಿ. ಅದೇ ಮೆನುವಿನಲ್ಲಿ ‘ಟೆಸ್ಟ್ ಆಡಿಯೊ ಆ್ಯಂಡ್ ಮಿಡಿ’ ಎಂಬುದನ್ನು ಒತ್ತಿದರೆ ಪರೀಕ್ಷೆಯ ಪ್ಯಾಚ್ ಬರುತ್ತದೆ. ಹೆಡ್‌ಫೋನಿನ ವಾಲ್ಯೂಮ್ ಇಳಿಸಿಕೊಂಡು, ಟೆಸ್ಟ್ ಟೋನ್ ಅಡಿ 60 ಒತ್ತಿ. ಸಣ್ಣಗೆ ಒಂದು ಸ್ವರ ಕೇಳಿದರೆ ದಾರಿ ಸರಿಯಾಗಿದೆ.

ಕೇಳದಿದ್ದರೆ ಕ್ಯೂಪಿಡಬ್ಲ್ಯುಗ್ರಾಫ್ ತೆರೆಯಿರಿ. ಪ್ಯೂರ್ ಡೇಟಾ ಒಂದು ಪೆಟ್ಟಿಗೆಯಾಗಿ, ನಿಮ್ಮ ಸ್ಪೀಕರ್ ಇನ್ನೊಂದಾಗಿ ಕಾಣುತ್ತದೆ. ಅವುಗಳ ನಡುವೆ ತಂತಿ ಇಲ್ಲದಿದ್ದರೆ ಮೌಸ್‌ನಿಂದ ಎಳೆದು ಸೇರಿಸಿ. ಎಷ್ಟೋ ಸಲ ಧ್ವನಿ ಎಚ್‌ಡಿಎಂಐ ಮೂಲಕ ಮಾನಿಟರ್‌ಗೆ ಹೋಗುತ್ತಿರುತ್ತದೆ, ಅದೂ ಇಲ್ಲೇ ಗೊತ್ತಾಗುತ್ತದೆ.

ಮೊದಲ ಸ್ವರ

ಕಂಟ್ರೋಲ್ ಮತ್ತು ಎನ್ ಒತ್ತಿ ಹೊಸ ಪ್ಯಾಚ್ ತೆರೆಯಿರಿ. ಕಂಟ್ರೋಲ್ ಮತ್ತು 1 ಒತ್ತಿದರೆ ಖಾಲಿ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಓ, ಎಸ್, ಸಿ, ಕೂಡಲೇ ~ ಚಿಹ್ನೆ, ಒಂದು ಜಾಗ, ಆಮೇಲೆ 196 ಎಂದು ಬರೆಯಿರಿ. ಕನ್ನಡ ಕೀಲಿಮಣೆ ಆನ್ ಇದ್ದರೆ ಮೊದಲು ಇಂಗ್ಲಿಷ್‌ಗೆ ಬದಲಿಸಿಕೊಳ್ಳಿ. ಇದರ ಕೆಳಗೆ ಇನ್ನೊಂದು ಪೆಟ್ಟಿಗೆಯಲ್ಲಿ *~ 0.1, ಮೂರನೆಯದರಲ್ಲಿ ಡಿ, ಎ, ಸಿ ಮತ್ತು ~. ಒಂದರ ತಳದ ಕಪ್ಪು ಗುರುತಿನಿಂದ ಇನ್ನೊಂದರ ತಲೆಯ ಗುರುತಿಗೆ ಮೌಸ್ ಎಳೆದು ಜೋಡಿಸಿ. ಕೊನೆಯ ಪೆಟ್ಟಿಗೆಗೆ ಎರಡು ಕಿವಿ, ಎಡಕ್ಕೂ ಬಲಕ್ಕೂ ತಂತಿ ಕೊಡಿ. ಈಗ ಕಂಟ್ರೋಲ್ ಮತ್ತು / ಒತ್ತಿ. ಐದು ಮನೆ ಶ್ರುತಿಯ ಷಡ್ಜ ನುಡಿಯುತ್ತದೆ. ಕಂಟ್ರೋಲ್ ಮತ್ತು ಚುಕ್ಕಿ ಒತ್ತಿದರೆ ನಿಲ್ಲುತ್ತದೆ.

~ ಇರುವ ಪೆಟ್ಟಿಗೆಗಳು ಧ್ವನಿಯನ್ನು ಎಡೆಬಿಡದೆ ಲೆಕ್ಕ ಹಾಕುತ್ತವೆ, ಅವುಗಳ ತಂತಿ ದಪ್ಪ. ಇಲ್ಲದವು ಬರೀ ಅಂಕಿ, ಸಂದೇಶಗಳನ್ನು ಕಳಿಸುತ್ತವೆ, ತಂತಿ ತೆಳು. ಪೆಟ್ಟಿಗೆಯ ಅಂಚು ಚುಕ್ಕಿಚುಕ್ಕಿಯಾಗಿ ಕಂಡರೆ ಹೆಸರು ತಪ್ಪಿದೆ ಎಂದರ್ಥ. ಹೆಚ್ಚಾಗಿ ~ಗೂ ಹಿಂದಿನ ಅಕ್ಷರಕ್ಕೂ ನಡುವೆ ಜಾಗ ಬಿಟ್ಟಿರುತ್ತೀರಿ. ಇನ್ನೊಂದು ಮಾತು: ಗುಂಡಿ, ಅಂಕಿಗಳನ್ನು ಒತ್ತಿ ನುಡಿಸುವಾಗ ತಿದ್ದುವ ಸ್ಥಿತಿಯಿಂದ ಹೊರಬಂದಿರಬೇಕು. ಕಂಟ್ರೋಲ್ ಮತ್ತು ಇ ಒತ್ತಿದರೆ ಆ ಕಡೆ ಈ ಕಡೆ ಹೋಗಬಹುದು.

ತಂಬೂರಿಯ ತಂತಿಗಳು

ಕರ್ನಾಟಕ ಸಂಗೀತದ ತಂಬೂರಿಯಲ್ಲಿ ಮಂದ್ರ ಪಂಚಮ, ಎರಡು ಸಾರಣಿ ಷಡ್ಜ, ಕೊನೆಗೆ ಮಂದ್ರ ಷಡ್ಜ ಇರುತ್ತವೆ ಅಲ್ವಾ. ಮಧ್ಯ ಷಡ್ಜವನ್ನು 1 ಎಂದಿಟ್ಟುಕೊಂಡರೆ ಮಂದ್ರ ಪಂಚಮ 0.75, ಮಂದ್ರ ಷಡ್ಜ 0.5. ಈ ಮೂರು ಅಂಕಿಗಳೇ ನಮ್ಮ ಪ್ಯಾಚ್‌ನ ಜೀವ.

ಹೊಸ ಪ್ಯಾಚ್‌ನಲ್ಲಿ ಮೇಲ್ಗಡೆ ಕಂಟ್ರೋಲ್ ಮತ್ತು 2 ಒತ್ತಿ ಸಂದೇಶದ ಪೆಟ್ಟಿಗೆಗಳನ್ನು ಇಡಿ. ಒಂದರಲ್ಲಿ 48, ಇನ್ನೊಂದರಲ್ಲಿ 49, ಮತ್ತೊಂದರಲ್ಲಿ 55. ಇವು ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಮಾತಾಡಿಕೊಳ್ಳುವ ಭಾಷೆಯಲ್ಲಿ, ಕೀಲಿಗಳ ಸಂಖ್ಯೆ. 48 ಅಂದರೆ ಒಂದು ಮನೆ ಶ್ರುತಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. 49 ಒಂದೂವರೆ ಮನೆ, 55 ಐದು ಮನೆ. ನಿಮ್ಮ ಶ್ರುತಿ ಯಾವುದೋ ಅದನ್ನು ಸೇರಿಸಿಕೊಳ್ಳಿ. ಎಲ್ಲದರಿಂದಲೂ ಒಂದೇ ಪೆಟ್ಟಿಗೆಗೆ ತಂತಿ ಎಳೆಯಿರಿ. ಆ ಪೆಟ್ಟಿಗೆಯ ಹೆಸರು ಎಂ, ಟಿ, ಓ, ಎಫ್. ಇದು ಕೀಲಿಯ ಸಂಖ್ಯೆಯನ್ನು ಹರ್ಟ್ಸ್‌ಗೆ ಬದಲಿಸುತ್ತದೆ: 48 ಕೊಟ್ಟರೆ 130.81, 55 ಕೊಟ್ಟರೆ 196.

ಅದರಿಂದ ಮೂರು ಕವಲು: * 0.75, * 1, * 0.5. ಪ್ರತಿಯೊಂದರ ಕೆಳಗೂ ‘ಫೇಸರ್~’ ಎಂಬ ಪೆಟ್ಟಿಗೆ. ಅಕ್ಷರ ಬಿಡಿಸಿ ಹೇಳಿದರೆ ಪಿ, ಎಚ್, ಎ, ಎಸ್, ಓ, ಆರ್. ಮೊದಲಿನ ಪ್ಯಾಚ್‌ನಲ್ಲಿ ನುಡಿದದ್ದು ಸಪಾಟು ಸ್ವರ, ಅದರಲ್ಲಿ ಅನುಸ್ವರಗಳಿಲ್ಲ, ಅಂದರೆ ಮೂಲ ಸ್ವರದ ಜೊತೆ ಮೇಲೆ ಕೇಳುವ ಸಣ್ಣ ಸ್ವರಗಳಿಲ್ಲ. ಫೇಸರ್ ಕೊಡುವುದು ಗರಗಸದ ಹಲ್ಲಿನ ಆಕಾರದ ತರಂಗ. ಅದರಲ್ಲಿ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎತ್ತರದ ಅನುಸ್ವರಗಳೆಲ್ಲ ತುಂಬಿರುತ್ತವೆ. ಜವಾರಿ (ಕುದುರೆಗೆ ತಾಗುತ್ತ ತಂತಿ ಝೇಂಕರಿಸುವ ಗುಣ) ಇರುವ ತಂಬೂರಿಯ ಝೇಂಕಾರಕ್ಕೆ ಇವು ಬೇಕೇ ಬೇಕು. ಫೇಸರ್ 0ಯಿಂದ 1ರವರೆಗೆ ಏರುತ್ತದೆ. ಆದರೆ ಸ್ಪೀಕರ್ ನಡುವಿನಿಂದ ಎರಡೂ ಕಡೆ ಆಡಬೇಕು. ಅದಕ್ಕೆ ಪ್ರತಿ ಫೇಸರ್ ಕೆಳಗೆ -~ 0.5 ಇಡಿ. ಮೂರರ ತಂತಿಗಳನ್ನೂ ಎಲ್, ಓ, ಪಿ, ~, ಜಾಗ, 1500 ಎಂಬ ಒಂದೇ ಪೆಟ್ಟಿಗೆಗೆ ಕೊಡಿ. ಒಂದೇ ಕಡೆ ಬಂದ ಧ್ವನಿಗಳು ತಾವೇ ಕೂಡಿಕೊಳ್ಳುತ್ತವೆ. ಈ ಪೆಟ್ಟಿಗೆ ಕರ್ಕಶವಾದ ಮೇಲಿನ ಅನುಸ್ವರಗಳನ್ನು ಮೆತ್ತಗೆ ಮಾಡುತ್ತದೆ. ಅಲ್ಲಿಂದ *~ 0.1, ಕೊನೆಗೆ ಡಿ, ಎ, ಸಿ, ~.

ಕಂಟ್ರೋಲ್ ಮತ್ತು / ಒತ್ತಿ ಧ್ವನಿ ಮತ್ತೆ ಆನ್ ಮಾಡಿ, 48 ಒತ್ತಿ ಕೇಳಿ. ಮಂದ್ರ ಷಡ್ಜ ಇಲ್ಲಿ ಸುಮಾರು 65 ಹರ್ಟ್ಸ್. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್‌ಗೆ ಅಷ್ಟು ತಗ್ಗಿನ ಸ್ವರ ಹೊರಡಿಸಲು ಆಗುವುದಿಲ್ಲ. ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ.

ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಪ್ರಯೋಗ ಈಗ ಬರುತ್ತದೆ. * 0.75 ಎಂಬುದನ್ನು * 0.74915 ಎಂದು ತಿದ್ದಿ, ಹೊರಗೆ ಕ್ಲಿಕ್ ಮಾಡಿ, ಮತ್ತೆ 48 ಒತ್ತಿ. ಇದು ಕೀಬೋರ್ಡ್ ವಾದ್ಯದ ಪಂಚಮ, ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚಿದಾಗ ಬರುವುದು. ಧ್ವನಿ ನಿಧಾನವಾಗಿ ಉಬ್ಬಿ ಇಳಿಯುತ್ತದೆ, ಸುಮಾರು ಎರಡು ಸೆಕೆಂಡಿಗೆ ಒಂದು ಸಲ. ಕಾರಣ ಸರಳ. ಷಡ್ಜದ ಮೂರನೇ ಅನುಸ್ವರ 392.4 ಹರ್ಟ್ಸ್‌ನಲ್ಲಿದೆ, ಈ ಪಂಚಮದ ನಾಲ್ಕನೆಯದು 392.0ರಲ್ಲಿದೆ. ಎರಡೂ ಒಂದಕ್ಕೊಂದು ಉಜ್ಜುತ್ತವೆ. ಮತ್ತೆ 0.75 ಮಾಡಿ. ಅಲೆ ನಿಂತು ಶ್ರುತಿ ನೆಟ್ಟಗಾಗುತ್ತದೆ. ‘ಪಂಚಮ ಸೇರಲಿಲ್ಲ’ ಎಂದು ಗುರುಗಳು ಹೇಳುವುದು ಯಾವುದನ್ನು ಎಂದು ಕಿವಿಗೆ ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಉಪಾಯ ನನಗೆ ಸಿಕ್ಕಿಲ್ಲ. ಸುಮ್ನೆ ಓದಿ ಮುಂದೆ ಹೋಗಬೇಡಿ, ಮಾಡಿ ಕೇಳಿ.

ಮೀಟುವ ಕೈ

ಈಗಿರುವುದು ಶ್ರುತಿ ಪೆಟ್ಟಿಗೆಯ ನಾದ. ತಂಬೂರಿಯಂತೆ ಒಂದೊಂದೇ ತಂತಿ ಮೀಟಬೇಕಾದರೆ ಪ್ರತಿ -~ 0.5 ಕೆಳಗೆ, ಎಲ್‌ಓಪಿಗೆ ಹೋಗುವ ತಂತಿಯನ್ನು ಅಳಿಸಿ, ನಡುವೆ ಒಂದು ಬರೀ *~ ಸೇರಿಸಿ. ಅದರ ಎಡ ಕಿವಿಗೆ ಸ್ವರ ಬರಲಿ. ಬಲ ಕಿವಿಗೆ ‘ವಿಲೈನ್~’ ಪೆಟ್ಟಿಗೆಯಿಂದ ತಂತಿ ಕೊಡಿ. ವಿ ಅಕ್ಷರ, ಅದಕ್ಕೆ ಅಂಟಿಕೊಂಡು ಲೈನ್, ಆಮೇಲೆ ~. ವಿಲೈನ್ ಮೇಲೆ ಒಂದು ಸಂದೇಶದ ಪೆಟ್ಟಿಗೆ ಇಟ್ಟು ಹೀಗೆ ಬರೆಯಿರಿ: 1 10, 0 3000 10. ಹತ್ತು ಮಿಲಿಸೆಕೆಂಡಿನಲ್ಲಿ ಪೂರ್ತಿ ಏರು, ಹತ್ತು ಮಿಲಿಸೆಕೆಂಡ್ ಕಳೆದ ಮೇಲೆ ಮೂರು ಸೆಕೆಂಡಿನಲ್ಲಿ ಇಳಿದು ಹೋಗು ಎಂದು ಅದರ ಅರ್ಥ. ಮೂರು ತಂತಿಗೂ ಇದೇ ರೀತಿ ಮಾಡಿ.

ಮೀಟುವ ಗತಿಗೆ ಪುಟ್ ಮೆನುವಿನಿಂದ ಒಂದು ಟಾಗಲ್ ತನ್ನಿ, ಅದರ ಕೆಳಗೆ ‘ಮೆಟ್ರೋ 4000’ ಪೆಟ್ಟಿಗೆ. ಅದು ನಾಲ್ಕು ಸೆಕೆಂಡಿಗೊಮ್ಮೆ ತಟ್ಟುತ್ತದೆ. ಮೆಟ್ರೋದಿಂದ ಪಂಚಮದ ಸಂದೇಶಕ್ಕೆ ನೇರ ತಂತಿ. ಷಡ್ಜದ ಸಂದೇಶಕ್ಕೆ ‘ಡಿಲೇ 1000’ ಮತ್ತು ‘ಡಿಲೇ 2000’ ಎರಡರ ಮೂಲಕ. ಮಂದ್ರ ಷಡ್ಜಕ್ಕೆ ‘ಡಿಲೇ 3000’ ಮೂಲಕ. ಟಾಗಲ್ ಒತ್ತಿದರೆ ಪ ಸ ಸ ಸ ಎಂದು ನುಡಿಯತೊಡಗುತ್ತದೆ. ಗತಿ ಬದಲಿಸಲು ಈ ಅಂಕಿಗಳನ್ನು ತಿದ್ದಿದರೆ ಸಾಕು.

ಹಿಂದೋಳ, ಶ್ರೀರಂಜಿನಿಯಂಥ ಪಂಚಮವಿಲ್ಲದ ರಾಗ ಹಾಡುವಾಗ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳುವವರಿದ್ದಾರೆ. ಅವರು 0.75 ಜಾಗದಲ್ಲಿ 0.6667 ಬರೆದರಾಯಿತು.

ಕರಕರ ಸದ್ದು ಬಂದರೆ

ಮೀಡಿಯಾ ಮೆನುವಿನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಡಿಲೇ ಎಂಬ ಅಂಕಿ ಇದೆ. ಅದನ್ನು 50ಕ್ಕೆ ಏರಿಸಿ. ಪೈಪ್‌ವೈರ್ ಧ್ವನಿಯನ್ನು 1024 ಮಾದರಿಗಳ (ಸ್ಯಾಂಪಲ್) ತುಂಡಿನಲ್ಲಿ ಕೆಲಸ ಮಾಡುತ್ತಿದ್ದರೆ, ಸೆಕೆಂಡಿಗೆ 48000 ಮಾದರಿಯ ಲೆಕ್ಕದಲ್ಲಿ ಅದೇ 21 ಮಿಲಿಸೆಕೆಂಡ್ ಆಯಿತು. 256ಕ್ಕೆ ಇಳಿಸಿದರೆ 5 ಮಿಲಿಸೆಕೆಂಡ್, ಆದರೆ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತದೆ. ಮಿಡಿ ಕೀಬೋರ್ಡ್ ನುಡಿಸುವವರಿಗೆ ಆ ಸಣ್ಣ ಅಂಕಿ ಮುಖ್ಯ. ತಂಬೂರಿಗೆ ಖಂಡಿತ ಬೇಕಾಗಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳು ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳನ್ನೇ, ಬದಲಿಸುವವರೆಗೂ ಹೋಗುತ್ತವೆ. ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ, ಪವರ್ ಮೋಡನ್ನು ಪರ್ಫಾರ್ಮೆನ್ಸ್‌ಗೆ ಇಟ್ಟು ನೋಡಿ.

ಉಳಿಸಿ, ಹಂಚಿ

ಕಂಟ್ರೋಲ್ ಮತ್ತು ಎಸ್ ಒತ್ತಿ ಪ್ಯಾಚ್ ಉಳಿಸಿ. ಇದು ಬರೀ ಅಕ್ಷರಗಳ ಕಡತ, ಕೆಲವೇ ಕೆಬಿ. ಸಹಪಾಠಿಗಳಿಗೆ ವಾಟ್ಸ್‌ಆ್ಯಪ್‌ನಲ್ಲೂ ಕಳಿಸಬಹುದು. ವಿಂಡೋಸ್, ಮ್ಯಾಕ್‌ನಲ್ಲೂ ಪ್ಯೂರ್ ಡೇಟಾ ಉಚಿತವಾಗಿ ಸಿಗುವುದರಿಂದ ಅದೇ ಕಡತ ಅಲ್ಲೂ ತೆರೆಯುತ್ತದೆ. ತಂಬೂರಿಯನ್ನು ಫೋನ್‌ಗೆ ಒಯ್ಯಬೇಕಿದ್ದರೆ ‘ರೈಟ್‌ಎಸ್‌ಎಫ್~ 1’ (ಡಬ್ಲ್ಯು, ಆರ್, ಐ, ಟಿ, ಇ, ಎಸ್, ಎಫ್, ~) ಎಂಬ ಪೆಟ್ಟಿಗೆ ಸೇರಿಸಿ, *~ 0.1ರಿಂದ ಅದಕ್ಕೂ ಒಂದು ತಂತಿ ಕೊಡಿ. ‘ಓಪನ್’ ಪದ ಮತ್ತು ವೇವ್ ಕಡತದ ಹೆಸರು ಇರುವ ಒಂದು ಸಂದೇಶ, ‘ಸ್ಟಾರ್ಟ್’ ಒಂದು, ‘ಸ್ಟಾಪ್’ ಇನ್ನೊಂದು. ಅದೇ ಕ್ರಮದಲ್ಲಿ ಒತ್ತಿದರೆ ಧ್ವನಿ ಮುದ್ರಣವಾಗುತ್ತದೆ. ಪ್ಯಾಚ್ ಇರುವ ಫೋಲ್ಡರ್‌ನಲ್ಲೇ ಆ ಕಡತ ಸಿಗುತ್ತದೆ. ಒಂದೊಂದು ಶ್ರುತಿಗೂ ಅರ್ಧ ಗಂಟೆಯಷ್ಟು ಮುದ್ರಿಸಿಕೊಂಡರೆ ಬೆಳಗಿನ ಸಾಧಕಕ್ಕೆ ಲ್ಯಾಪ್‌ಟಾಪ್ ತೆರೆಯುವ ಅಗತ್ಯವಿಲ್ಲ.