ನಾಯಿ ಸುಮ್ನೆ ಮಲಗಿದ್ದಾಗಲೂ ಒಮ್ಮೆ ನೋಡಿ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ತೋಟದ ಮನೆ ಅಂದ ಮೇಲೆ ಅಂಗಳದಲ್ಲಿ ಒಂದು ನಾಯಿ ಇದ್ದೇ ಇರುತ್ತದೆ. ಅದರ ಹೆಸರು ನಮ್ಮ ಬಾಯಿಗೆ ಬರುವುದು ಯಾವಾಗ ಹೇಳಿ? ಚಪ್ಪಲಿ ಕಚ್ಚಿದಾಗ, ಕೋಳಿ ಓಡಿಸಿದಾಗ, ಬಂದವರ ಮೈಮೇಲೆ ಹಾರಿದಾಗ. ಜಗಲಿಯ ಬದಿಯಲ್ಲಿ ಮೂರು ಗಂಟೆ ತೆಪ್ಪಗೆ ಮಲಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಮೊದಲಿನ ನಾಯಿಗಳನ್ನು ನಾನೂ ಹೀಗೇ ಸಾಕಿದೆ, ಬೈದು, ಕೋಲು ತೋರಿಸಿ. ಕೋಲು ಕಂಡರೆ ಬಾಲ ಮಡಚಿ ಓಡುವುದನ್ನು ಕಲಿತವು, ಬೇರೇನೂ ಕಲಿಯಲಿಲ್ಲ. ನೆನೆದರೆ ಈಗಲೂ ಬೇಸರ.

ಈಗಿನ ನಾಯಿ ಬೊಳ್ಳಿ ಬಂದ ಮೇಲೆ ಕ್ರಮ ಬದಲಿಸಿದೆ, ತಪ್ಪಿಗೆ ಬೈಯುವ ಬದಲು ಸರಿಯಾಗಿ ನಡೆದುಕೊಂಡಾಗ ಬಹುಮಾನ. ಬೆಳಿಗ್ಗೆ ಒಂದು ಸಣ್ಣ ಡಬ್ಬಿಯಲ್ಲಿ ಬೇಯಿಸಿದ ಚೀನಿಕಾಯಿಯನ್ನೋ (ಸಿಹಿಕುಂಬಳ) ಮೊಟ್ಟೆಯನ್ನೋ ಚೂರು ಮಾಡಿ ಇಡುತ್ತೇನೆ. ಉಪ್ಪು, ಖಾರ ಹಾಕುವುದಿಲ್ಲ. ಒಂದು ಚೂರು ಕಡಲೆಕಾಳಿನಷ್ಟಿದ್ದರೆ ಸಾಕು. ನಾಯಿಗೆ ಸಿಕ್ಕಿತು ಅನ್ನುವುದೇ ಮುಖ್ಯ, ಎಷ್ಟು ಅನ್ನುವುದಲ್ಲ. ಹೀಗೆ ಕೊಡುವುದೆಲ್ಲ ಸೇರಿ ದಿನದ ಊಟದ ಹತ್ತನೇ ಒಂದು ಪಾಲು ಮೀರಬಾರದು. ನೀರುಳ್ಳಿ, ಚಾಕಲೇಟ್, ದ್ರಾಕ್ಷಿ ಬೇಡವೇ ಬೇಡ, ನಾಯಿಗೆ ಅವು ವಿಷ. ಪಾಯಸದಿಂದ ಹೆಕ್ಕಿದ ಒಣದ್ರಾಕ್ಷಿಯನ್ನು ಮಕ್ಕಳು ಪ್ರೀತಿಯಿಂದ ಹಾಕಿಬಿಡುತ್ತಾರೆ, ಅಲ್ಲೊಂದು ಕಣ್ಣಿರಲಿ.

ಅಡಿಕೆ ಒಣಹಾಕುವ ಕಾಲದಲ್ಲಿ ಇದರ ಗುಣ ಕಂಡೆ. 40-45 ದಿನ ಅಂಗಳ ತುಂಬ ಅಡಿಕೆ. ನಾಯಿ ನಡುವೆ ಓಡಿದರೆ ಎಲ್ಲ ಚೆಲ್ಲಾಪಿಲ್ಲಿ. ಒಂದು ಮಧ್ಯಾಹ್ನ ನಾನು ಅಡಿಕೆ ಮಗುಚುತ್ತಿದ್ದೆ. ಆಚೆ ಬದಿಯಲ್ಲಿ ಕೋಳಿಯೊಂದು ಕೆದಕುತ್ತಿತ್ತು. ಬೊಳ್ಳಿಯ ಕಿವಿ ನೆಟ್ಟಗಾಯಿತು, ಮುಂದಿನ ಕಾಲು ಒಂದು ಸ್ವಲ್ಪ ಎದ್ದಿತು. ಆಮೇಲೆ ಏನನ್ನಿಸಿತೋ, ತಲೆ ತಿರುಗಿಸಿ ನನ್ನ ಮುಖ ನೋಡಿತು. ಆ ಕ್ಷಣವೇ "ಶಾಬಾಸ್" ಅಂದು ಒಂದು ಚೂರು ಕೊಟ್ಟೆ. ಕಾಲು ಕೆಳಗಿಟ್ಟು ಮಲಗಿತು. ಮತ್ತೊಂದು ಚೂರು. ವಾರ ಕಳೆಯುವಾಗ ಅಂಗಳದ ಅಂಚಿನಲ್ಲೇ ಸುತ್ತು ಹಾಕಿ ಬರತೊಡಗಿತು.

ಆ ಕ್ಷಣವೇ ಅಂದೆನಲ್ಲ, ಅದನ್ನು ಮರೆಯಬೇಡಿ. ಒಂದೆರಡು ಸೆಕೆಂಡಿನೊಳಗೆ ಕೊಡಬೇಕು. ಒಳಗೆ ಹೋಗಿ ಹುಡುಕಿ ತರುವಷ್ಟರಲ್ಲಿ ನಾಯಿ ಎದ್ದು ಕುಣಿಯುತ್ತಿರುತ್ತದೆ, ಬಹುಮಾನ ಆ ಕುಣಿತಕ್ಕೆ ಸಿಕ್ಕ ಹಾಗಾಗುತ್ತದೆ. ಅಭ್ಯಾಸ ಗಟ್ಟಿಯಾದ ಮೇಲೆ ಪ್ರತಿ ಸಲ ತಿಂಡಿ ಬೇಕಿಲ್ಲ. ಒಮ್ಮೆ ತಿಂಡಿ, ಒಮ್ಮೆ ಎದೆ ತುರಿಸುವುದು, ಒಮ್ಮೆ ಗೇಟು ತೆರೆದು ತೋಟಕ್ಕೆ ಬಿಡುವುದು. ತಲೆ ತಟ್ಟುವುದು ಎಷ್ಟೋ ನಾಯಿಗಳಿಗೆ ಇಷ್ಟವಿಲ್ಲ.

ಮೈಮೇಲೆ ಹಾರುವ ನಾಯಿಯನ್ನು ದೂಡಿ, ಬೈದು ಮಾಡಿದರೆ ಅದಕ್ಕೆ ಆಟ ಸಿಕ್ಕಿದ ಹಾಗೆ. ಮಾತಿಲ್ಲದೆ ಬೆನ್ನು ತಿರುಗಿಸಿ. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ ಮಾತಾಡಿಸಿ. ಮೊದಲ ಕೆಲವು ದಿನ ಇನ್ನೂ ಜಾಸ್ತಿ ಹಾರಬಹುದು. ಹೆಚ್ಚಿನವರು ಅಲ್ಲೇ ಕೈಬಿಡುತ್ತಾರೆ. ದಯವಿಟ್ಟು ತಡೆದುಕೊಳ್ಳಿ.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಮಾತು. ಮನೆಯವರು "ಬಾ" ಅಂದರೆ ಕೆಲಸಕ್ಕೆ ಬರುವವರು ತುಳುವಿನಲ್ಲಿ "ಬಲ" ಅನ್ನುತ್ತಾರೆ, ಪಕ್ಕದ ಮನೆಯ ಮಕ್ಕಳು ಮಲಯಾಳದಲ್ಲಿ "ವಾ" ಅನ್ನುತ್ತಾರೆ. ಕಲಿಯುವ ಮರಿಗೆ ಗಲಿಬಿಲಿ ಆಗದೆ ಇರುತ್ತದಾ? ಎಲ್ಲರೂ ಒಂದೇ ಮಾತು ಗೊತ್ತು ಮಾಡಿಕೊಳ್ಳಿ. ಕರೆದು ಬೈಯುವುದು ಮಾತ್ರ ಬೇಡ, ಮತ್ತೆ ಹತ್ತಿರ ಬಾರದು. ಬೊಳ್ಳಿ ಈಗ "ಬಾ" ಅಂದರೆ ಕೆಳಗಿನ ತೋಡಿನಿಂದಲೂ ಓಡಿ ಬರುತ್ತದೆ, ಕಾಲೆಲ್ಲ ಕೆಸರು ಮಾಡಿಕೊಂಡು. ಆಗಲೂ ಮೊದಲು ಶಾಬಾಸ್, ಆಮೇಲೆ ಕಾಲು ತೊಳೆಸುವುದು.